ಬೇಲಿಗೂಟದ ಸಾಕ್ಷ್ಯ: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಯ ಮರದ ಬೇಲಿ ಮತ್ತು ಅರಣ್ಯದ ಹಕ್ಕು

‘ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ’ ಎಂಬುದು ಕನ್ನಡದ ಪ್ರಚಲಿತ ಗಾದೆ. ತನಗೆ ಆಸರೆಯಾದುದನ್ನೇ ಸಾಕ್ಷಿಗೆ ಕರೆಯುವವನ ಮಾತನ್ನು ನಂಬಲಾಗದೆಂಬುದು ಅದರ ವ್ಯಂಗ್ಯ. ಆದರೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲಿ ಕಾಡಿನ ಅಂಚಿನ ಬೇಸಾಯದ ಚರಿತ್ರೆಯನ್ನು ಪರಿಶೀಲಿಸುವವರಿಗೆ ಬೇಲಿಗೂಟವು ನಿಜವಾದ ಸಾಕ್ಷಿಯಾಗಬಲ್ಲುದು. ಯಾವ ಜಾತಿಯ ಮರವನ್ನು ನೆಲಕ್ಕೆ ಹುಗಿಯಲು ಯಾರಿಗೆ ಅಧಿಕಾರವಿತ್ತು ಎಂಬ ಪ್ರಶ್ನೆಯಲ್ಲಿ ಈ ಸೀಮೆಯ ಒಂದೂವರೆ ಶತಮಾನದ ಅರಣ್ಯಚರಿತ್ರೆ ಅಡಗಿದೆ.

ಮೊದಲು ಬೇಲಿಯ ರಚನೆಯನ್ನು ಗಮನಿಸಬಹುದು. ಹಾರೆಯಿಂದ ಕುಳಿ ತೋಡಿ, ಗೂಟದ ಬುಡವನ್ನು ಇಳಿಸಿ, ಸುತ್ತಲೂ ಕಲ್ಲು ಮಣ್ಣು ತುಂಬಿ ಗಿಡಿಯುವುದು ಮೊದಲ ಕೆಲಸ. ಅನಂತರ ಬಿದಿರಿನ ಸೀಳುಗಳನ್ನು ಅಡ್ಡಲಾಗಿ ಇರಿಸಿ ಬಳ್ಳಿಯಿಂದ ಬಿಗಿದು, ನಡುವೆ ಮುಳ್ಳು ತುಂಬುತ್ತಾರೆ. ಈ ರಚನೆಯಲ್ಲಿ ಎಲ್ಲ ಭಾರವೂ ಗೂಟದ ಮೇಲೆಯೇ ಬೀಳುತ್ತದೆ. ಗೂಟವು ಶಿಥಿಲವಾಗುವುದು ಮಣ್ಣಿನ ಆಳದಲ್ಲಲ್ಲ, ಗಾಳಿಯೂ ತೇವವೂ ಕೂಡುವ ನೆಲಮಟ್ಟದಲ್ಲಿ. ಗೆದ್ದಲು ಹತ್ತುವುದೂ ಅಲ್ಲಿಯೇ. ಚೇಗು ಬಲಿತ ಸಾಗವಾನಿ, ಜಂಬೆ, ಹೊನ್ನೆಯ ಗೂಟಗಳು ಬಹುಕಾಲ ಬಾಳಿದರೆ, ಎಳೆಯ ಮರದ ಮತ್ತು ಮೆದುಜಾತಿಯ ಗೂಟಗಳು ಕೆಲವೇ ಮಳೆಗಾಲಗಳಲ್ಲಿ ಮುರಿದು ಬೀಳುತ್ತವೆ. ಜೋಯಿಡಾದ ಅತಿಮಳೆಯ ಪ್ರದೇಶದಲ್ಲಿ ಈ ಆಯುಷ್ಯ ಇನ್ನೂ ಕಿರಿದು. ಪೂರ್ವದ ಮುಂಡಗೋಡ, ಹಳಿಯಾಳಗಳ ಒಣಸೀಮೆಯಲ್ಲಿ ತುಸು ದೀರ್ಘ.

ಬಾಳಿಕೆ ಬರುವ ಮರಗಳೆಲ್ಲ ಕಾಡಿನಲ್ಲಿ ಹೇರಳವಾಗಿದ್ದರೂ ರೈತನ ಕೈಗೆ ಸುಲಭವಾಗಿ ಎಟುಕುತ್ತಿರಲಿಲ್ಲ. 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗಾವಣೆಯಾಯಿತು. 1878ರ ಭಾರತೀಯ ಅರಣ್ಯ ಕಾಯ್ದೆಯ ಅನ್ವಯ ವಿಸ್ತಾರವಾದ ಪ್ರದೇಶಗಳು ಸರ್ಕಾರಿ ಅರಣ್ಯಗಳಾದವು. ಸಾಗವಾನಿ, ಬೀಟೆ, ಶ್ರೀಗಂಧಗಳು ಸರ್ಕಾರದ ಮೀಸಲು ಮರಗಳೆನಿಸಿದವು. ಕುಮರಿ ಬೇಸಾಯವೂ 19ನೆಯ ಶತಮಾನದ ಉತ್ತರಾರ್ಧದಲ್ಲಿ ನಿರ್ಬಂಧಕ್ಕೊಳಗಾಯಿತು. ಕುಮರಿಯಲ್ಲಿ ಬೇಲಿಯೂ ಹೊಲದಂತೆಯೇ ತಾತ್ಕಾಲಿಕ. ಜಾಗ ಬದಲಾದೊಡನೆ ಹಳೆಯ ಗೂಟಗಳು ಕಾಡಿನಲ್ಲಿ ಲೀನವಾಗುತ್ತಿದ್ದವು. 1927ರ ಕಾಯ್ದೆಯು ‘ಮರ’ ಎಂಬ ಪದದ ವ್ಯಾಪ್ತಿಗೆ ಬಿದಿರು, ಬೆತ್ತ, ಕಡಿದುಳಿದ ಬೊಡ್ಡೆ, ಪೊದೆಸೌದೆಗಳನ್ನೂ ಸೇರಿಸಿತು. ಅಂದರೆ ಗೂಟ, ಅಡ್ಡಗಳ, ತುಂಬುವ ಪೊದೆ ಸೇರಿ ಬೇಲಿಯ ಬಹುತೇಕ ಅಂಗಗಳು ಕಾನೂನಿನ ದೃಷ್ಟಿಯಲ್ಲಿ ಮರವೇ ಆದವು.

ಎರಡನೆಯ ಘಟ್ಟ ದಾಂಡೇಲಿಯದು. ಹಿಂದೆ ಹಳಿಯಾಳ ತಾಲೂಕಿಗೆ ಸೇರಿದ್ದ ಈ ಊರಿನಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಗೆ ಸುತ್ತಲ ಕಾಡಿನ ಬಿದಿರೇ ಮುಖ್ಯ ಕಚ್ಚಾವಸ್ತುವಾಯಿತು. ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಅವರ ಬಿದಿರಿನ ಅಧ್ಯಯನವು ಇಲ್ಲಿ ಉಲ್ಲೇಖನೀಯ. ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಹೊದಿಕೆಯನ್ನು ಕಟಾವಿಗಾಗಿ ತೆಗೆದುಹಾಕಿದಾಗ ಎಳೆಯ ಕಳಲೆಗಳು ಜಾನುವಾರು ಮತ್ತು ಕಾಡುಪ್ರಾಣಿಗಳ ಪಾಲಾಗಿ ಮೆಳೆಗಳು ಕ್ಷೀಣಿಸಿದವೆಂಬುದನ್ನು ಅವರು ತೋರಿಸಿದರು. ಹೊಲಕ್ಕೆ ಮುಳ್ಳುಬೇಲಿ ಹಾಕುವವನಿಗೆ ಈ ತತ್ತ್ವ ಹೊಸದಲ್ಲ. ಮೆಳೆಯು ತನಗೆ ತಾನೇ ಹಾಕಿಕೊಂಡ ಬೇಲಿ ಕಿತ್ತುಹೋದಾಗ ರೈತನ ಬೇಲಿಗೆ ಬೇಕಾದ ಬಿದಿರೂ ವಿರಳವಾಯಿತು.

ಈ ಒತ್ತಡಕ್ಕೆ ಜನಪದರು ಕಂಡುಕೊಂಡ ಒಂದು ಉತ್ತರ ಜೀವಂತ ಗೂಟ. ಮುಂಗಾರಿಗೆ ಮುನ್ನ ಹಾಲುವಾಣ, ಕಾಡುಹರಳು, ಈಚಿನ ದಶಕಗಳಲ್ಲಿ ಗ್ಲಿರಿಸಿಡಿಯಾದ ಕೊಂಬೆಗಳನ್ನು ನೆಟ್ಟರೆ ಅವು ಬೇರೂರಿ ಚಿಗುರುತ್ತವೆ. ಬುಡ ಕೊಳೆಯುವ ಭಯವಿಲ್ಲ. ಸವರಿದ ಸೊಪ್ಪು ಗೊಬ್ಬರಕ್ಕೆ, ಕತ್ತರಿಸಿದ ಕೊಂಬೆ ಮುಂದಿನ ಸಾಲಿಗೆ. ಇನ್ನೊಂದು ಉತ್ತರ ಅಗಳ: ಗಡಿಗುಂಟ ಕಾಲುವೆ ತೋಡಿ ಮಣ್ಣನ್ನು ಒಳಬದಿಗೆ ಏರಿಯಾಗಿ ಹಾಕುವ ಈ ಕ್ರಮಕ್ಕೆ ಮರವೇ ಬೇಕಿಲ್ಲ.

ಗೂಟದ ಆಯುಷ್ಯದ ಪ್ರಶ್ನೆ ಕೇವಲ ತಾಂತ್ರಿಕವಾಗಿ ಉಳಿಯಲಿಲ್ಲವೆಂಬುದು 2006ರ ಅರಣ್ಯ ಹಕ್ಕು ಕಾಯ್ದೆಯ ಸಂದರ್ಭದಲ್ಲಿ ಸ್ಪಷ್ಟವಾಯಿತು. ಈ ಕಾಯ್ದೆ ಬಿದಿರು, ಬೆತ್ತ, ಬೊಡ್ಡೆ, ಪೊದೆಸೌದೆಗಳನ್ನು ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿಸಿ ಅವುಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡಿತು. 1927ರಲ್ಲಿ ‘ಮರ’ವಾದುದು ಹೀಗೆ ಮರವಲ್ಲದ ಉತ್ಪನ್ನವಾಯಿತು. ಆದರೆ ನಿಲ್ಲುವ ಗೂಟ ಮರಮಟ್ಟಾಗಿರುವುದರಿಂದ ಈ ಪಟ್ಟಿಯಿಂದ ಹೊರಗೇ ಉಳಿಯಿತು.

ಸಾಗುವಳಿ ಭೂಮಿಯ ಹಕ್ಕಿನ ವಿಷಯ ಇನ್ನೂ ಜಟಿಲ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಅನುಭೋಗವನ್ನು ತೋರಿಸಿದರೆ ಸಾಕು. ಆ ಪಟ್ಟಿಯ ಹೊರಗಿದ್ದು ಅರ್ಜಿ ಸಲ್ಲಿಸಬೇಕಾಗಿ ಬಂದ ಜೋಯಿಡಾದ ಕುಣಬಿಗಳು, ಹಳಿಯಾಳ ಮುಂಡಗೋಡಗಳ ಗೌಳಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಿದ್ಧಪಡಿಸಬೇಕು. ಸಾಕ್ಷ್ಯ 1930ರವರೆಗೆ ಹಿಂದಕ್ಕೆ ಹೋಗಬೇಕು. 2008ರ ನಿಯಮಗಳು ಮನೆ, ಗುಡಿಸಲು, ಸಮತಟ್ಟು ಮಾಡಿದ ನೆಲ, ಒಡ್ಡು ಮುಂತಾದ ಭೌತಿಕ ಗುರುತುಗಳನ್ನೂ ಹಿರಿಯರ ಲಿಖಿತ ಹೇಳಿಕೆಗಳನ್ನೂ ಪುರಾವೆಯಾಗಿ ಒಪ್ಪುತ್ತವೆ. ಆದರೆ 1930ರಲ್ಲಿ ಹುಗಿದ ಮೆದುಮರದ ಗೂಟ ಇಂದಿಗೆ ಉಳಿದಿರಲು ಸಾಧ್ಯವಿಲ್ಲ. ಗಟ್ಟಿಮರವನ್ನು ಬಳಸಲು ಅಡ್ಡಿಪಡಿಸಿದ ವ್ಯವಸ್ಥೆಯೇ ಮುಂದೆ ಗಟ್ಟಿಯಾದ ಗುರುತನ್ನು ಕೇಳಿತು. ಬಡ ಸಾಗುವಳಿದಾರನ ಬೇಲಿ ವರ್ಷವರ್ಷವೂ ಹೊಸದಾಗುತ್ತಿದ್ದುದರಿಂದಲೇ ಅವನ ಹಳಮೆ ಕಣ್ಣಿಗೆ ಕಾಣದಾಯಿತು.

ಆದುದರಿಂದ ಈ ಸೀಮೆಯ ಕ್ಷೇತ್ರಕಾರ್ಯದಲ್ಲಿ ಬೇಲಿಯನ್ನು ಪ್ರತ್ಯೇಕ ಅಧ್ಯಯನವಸ್ತುವಾಗಿ ಪರಿಗಣಿಸುವುದು ಅಗತ್ಯ. ದಪ್ಪಬುಡದ ಹಾಲುವಾಣದ ಸಾಲು, ಅರ್ಧ ತುಂಬಿದ ಅಗಳ, ಹಳೆಯ ಏರಿಯ ಮಣ್ಣು ಇವೆಲ್ಲ ಅಳೆದು ದಾಖಲಿಸಬಹುದಾದ ಆಕರಗಳು. ಯಾವ ವರ್ಷ ಯಾವ ಗಡಿಗೆ ಯಾರು ಗೂಟ ಹುಗಿದರೆಂಬ ಹಿರಿಯರ ನೆನಪನ್ನು ಅವುಗಳೊಡನೆ ಹೋಲಿಸಿ ಬರೆದಿಟ್ಟರೆ ಜಾನಪದ ಅಧ್ಯಯನಕ್ಕೂ ಹಕ್ಕಿನ ಅರ್ಜಿಗೂ ಅದು ಆಧಾರವಾಗುತ್ತದೆ. ಆ ಹಿರಿಯರು ಬದುಕಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.