ನಿವೃತ್ತಿಯಿಂದ ಮರಳಿದ ಬ್ರೆಟ್ ಫಾರ್ವ್: ಗ್ರೀನ್ ಬೇ ಕಂಡ 2008ರ ಬೇಸಿಗೆ

ವಯಸ್ಸಾದ ತಾರಾ ಆಟಗಾರ ಯಾವಾಗ ನಿಲ್ಲಬೇಕೆಂಬುದನ್ನು ನಿರ್ಧರಿಸುವವರು ಯಾರು? ಆಟಗಾರನೇ ಅಥವಾ ತಂಡವೇ? ಅಮೆರಿಕನ್ ಫುಟ್‌ಬಾಲ್‌ನಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಬ್ರೆಟ್ ಫಾರ್ವ್ ಹೆಸರು ಪ್ರಸ್ತಾಪವಾಗುತ್ತದೆ. ಹದಿನಾರು ಋತುಗಳ ಕಾಲ ಗ್ರೀನ್ ಬೇ ಪ್ಯಾಕರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರು 2008ರ ಮಾರ್ಚ್‌ನಲ್ಲಿ ಕಣ್ಣೀರಿಡುತ್ತಲೇ ನಿವೃತ್ತಿ ಘೋಷಿಸಿದರು. ಜುಲೈನಲ್ಲಿ ಮತ್ತೆ ಆಡುವ ಇಚ್ಛೆ ವ್ಯಕ್ತಪಡಿಸಿದರು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಪಾಲಾದರು.

ಕ್ವಾರ್ಟರ್‌ಬ್ಯಾಕ್ ಎಂದರೆ ಹನ್ನೊಂದು ಮಂದಿಯ ಆಕ್ರಮಣ ಪಡೆಯ ಸೂತ್ರಧಾರ. ಪ್ರತಿ ಆಟದ ಆರಂಭದಲ್ಲಿ ಚೆಂಡು ಸಾಮಾನ್ಯವಾಗಿ ಅವನ ಕೈಗೆ ಬರುತ್ತದೆ. ಅದನ್ನು ದೂರಕ್ಕೆ ಎಸೆಯಬೇಕೇ, ಪಕ್ಕದ ಓಟಗಾರನಿಗೆ ಒಪ್ಪಿಸಬೇಕೇ ಎಂಬುದನ್ನು ಕ್ಷಣಾರ್ಧದಲ್ಲಿ ನಿಶ್ಚಯಿಸಬೇಕು. ಅಷ್ಟರೊಳಗೆ ನೂರು ಕಿಲೋ ಮೀರಿದ ದೇಹಗಳು ಅವನ ಮೇಲೆರಗುತ್ತವೆ. ಮೂವತ್ತೆಂಟು ವರ್ಷ ಈ ಸ್ಥಾನಕ್ಕೆ ಇಳಿವಯಸ್ಸೇ ಸರಿ.

ಫಾರ್ವ್ ಜನಿಸಿದ್ದು 1969ರ ಅಕ್ಟೋಬರ್ 10ರಂದು, ಮಿಸಿಸಿಪ್ಪಿ ರಾಜ್ಯದಲ್ಲಿ. ಬೆಳೆದದ್ದು ಕಿಲ್ನ್ ಎಂಬ ಸಣ್ಣ ಊರಿನಲ್ಲಿ. ತಂದೆ ಇರ್ವಿನ್ ಶಾಲಾ ತಂಡದ ತರಬೇತುದಾರರು. 1991ರಲ್ಲಿ ಅಟ್ಲಾಂಟಾ ಫಾಲ್ಕನ್ಸ್ ಸೇರಿದ ಫಾರ್ವ್ ಅಲ್ಲಿ ಎಸೆದ ಒಂದು ಚೆಂಡೂ ಸಹ ಆಟಗಾರನ ಕೈಸೇರಲಿಲ್ಲ. ಅಂಥವರನ್ನು ಮರುವರ್ಷ ಪ್ಯಾಕರ್ಸ್‌ನ ವ್ಯವಸ್ಥಾಪಕ ರಾನ್ ವುಲ್ಫ್ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೇ ಬಿಟ್ಟುಕೊಟ್ಟು ಕರೆತಂದಾಗ ಅನೇಕರು ಹುಬ್ಬೇರಿಸಿದ್ದರು. 1992ರ ಸೆಪ್ಟೆಂಬರ್ 27ರಂದು ಮೊದಲ ಬಾರಿಗೆ ಪಂದ್ಯದ ಆರಂಭದಿಂದಲೇ ಕಣಕ್ಕಿಳಿದ ಅವರು ಮುಂದೆ ಗ್ರೀನ್ ಬೇಯಲ್ಲಿದ್ದಷ್ಟು ಕಾಲ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. 1995ರಿಂದ 1997ರವರೆಗೆ ಸತತ ಮೂರು ಬಾರಿ ಲೀಗ್‌ನ ಅತ್ಯುತ್ತಮ ಆಟಗಾರ ಗೌರವ ಅವರದಾಯಿತು. ಮೂರನೆಯದನ್ನು ಬ್ಯಾರಿ ಸ್ಯಾಂಡರ್ಸ್ ಜತೆ ಹಂಚಿಕೊಂಡರು. 1997ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡವನ್ನು 35-21ರಿಂದ ಸೋಲಿಸಿ ಪ್ಯಾಕರ್ಸ್ ಸೂಪರ್ ಬೌಲ್ ಗೆದ್ದಿತು. ಇದರ ನಡುವೆ ನೋವುನಿವಾರಕ ಮಾತ್ರೆಗಳ ಚಟಕ್ಕೆ ಅವರು 1996ರಲ್ಲಿ ಚಿಕಿತ್ಸೆ ಪಡೆದದ್ದೂ ಉಂಟು. ಸತತವಾಗಿ ಆಡಿದ್ದರ ಬೆಲೆ ಅದು.

ಅಭಿಮಾನಿಗಳ ಮನಸ್ಸಿನಲ್ಲಿ ಅಂಕಿಅಂಶಗಳಿಗಿಂತ ಆಳವಾಗಿ ಉಳಿದದ್ದು 2003ರ ಡಿಸೆಂಬರ್ 22ರ ರಾತ್ರಿ. ಹಿಂದಿನ ದಿನವಷ್ಟೇ ತಂದೆ ತೀರಿಕೊಂಡಿದ್ದರು. ಫಾರ್ವ್ ತಂಡದೊಂದಿಗೇ ಉಳಿದು ಓಕ್‌ಲ್ಯಾಂಡ್ ರೇಡರ್ಸ್ ವಿರುದ್ಧ ಆಡಿದರು. 399 ಗಜಗಳ ಎಸೆತ, ನಾಲ್ಕು ಟಚ್‌ಡೌನ್, 41-7ರ ಗೆಲುವು. ಎದುರಾಳಿ ತಂಡದ ಪ್ರೇಕ್ಷಕರೂ ಚಪ್ಪಾಳೆ ತಟ್ಟಿದರು.

ಗ್ರೀನ್ ಬೇ ಸುಮಾರು ಒಂದು ಲಕ್ಷ ಜನಸಂಖ್ಯೆಯ ಊರು. ಲೀಗ್‌ನ ಇತರ ತಂಡಗಳಿಗೆ ಕೋಟ್ಯಧೀಶ ಒಡೆಯರಿದ್ದರೆ ಪ್ಯಾಕರ್ಸ್‌ಗೆ ಸಾರ್ವಜನಿಕ ಷೇರುದಾರರೇ ಒಡೆಯರು. ಈ ಷೇರಿಗೆ ಲಾಭಾಂಶವಿಲ್ಲ, ಅಭಿಮಾನವೊಂದೇ ಗಳಿಕೆ. ಹೀಗಾಗಿ ಫಾರ್ವ್ ಅಲ್ಲಿ ಸಂಬಳದ ಆಟಗಾರನಾಗಿ ಉಳಿದಿರಲಿಲ್ಲ, ಮನೆಮಗನಾಗಿದ್ದರು. ಮುಂದಿನ ಕಹಿಯೂ ಅದಕ್ಕೆ ತಕ್ಕಷ್ಟೇ ದೊಡ್ಡದಾಯಿತು.

ಬಿರುಕಿನ ಬೀಜ 2005ರಲ್ಲೇ ಬಿದ್ದಿತ್ತು. ಕಾಲೇಜು ಆಟಗಾರರ ಆಯ್ಕೆಯಲ್ಲಿ ವ್ಯವಸ್ಥಾಪಕ ಟೆಡ್ ಥಾಂಪ್ಸನ್ 24ನೆಯವರಾಗಿ ಏರನ್ ರಾಡ್ಜರ್ಸ್ ಎಂಬ ಯುವ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿದರು. ಉತ್ತರಾಧಿಕಾರಿ ಮೂರು ವರ್ಷ ಬೆಂಚಿನ ಮೇಲೆ ಕುಳಿತ. ಫಾರ್ವ್ ಪ್ರತಿ ಬೇಸಿಗೆಯಲ್ಲೂ ಆಡುವುದೋ ಬಿಡುವುದೋ ಎಂದು ತೂಗಾಡುತ್ತಿದ್ದರು. 2007ರ ಋತು ಮಾತ್ರ ಅವರ ಪಾಲಿಗೆ ಎರಡನೆಯ ಯೌವನ: ಪ್ಯಾಕರ್ಸ್ 13 ಪಂದ್ಯ ಗೆದ್ದಿತು, ಡ್ಯಾನ್ ಮರೀನೋ ಅವರ 420 ಟಚ್‌ಡೌನ್ ಎಸೆತಗಳ ದಾಖಲೆ ಮುರಿಯಿತು. 2008ರ ಜನವರಿ 20ರ ಕೊರೆಯುವ ಚಳಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಸೂಪರ್ ಬೌಲ್ ಪ್ರವೇಶಕ್ಕಾಗಿ ನಡೆದ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಫಾರ್ವ್ ಎಸೆದ ಚೆಂಡು ಎದುರಾಳಿಯ ಕೈಸೇರಿತು, 23-20ರ ಸೋಲು. ಪ್ಯಾಕರ್ಸ್ ಪರ ಅದೇ ಅವರ ಕೊನೆಯ ಎಸೆತ.

ನಿವೃತ್ತಿ ಹಿಂತೆಗೆದುಕೊಂಡ ಫಾರ್ವ್ ಜುಲೈನಲ್ಲಿ ಬೇಷರತ್ ಬಿಡುಗಡೆ ಕೇಳಿದರು. ತಂಡ ಒಪ್ಪಲಿಲ್ಲ. ಆ ವೇಳೆಗೆ ರಾಡ್ಜರ್ಸ್ ಅವರನ್ನೇ ಮುಂದಿನ ಕ್ವಾರ್ಟರ್‌ಬ್ಯಾಕ್ ಎಂದು ಸಾರಿಯಾಗಿತ್ತು. ಇಲ್ಲಿ ಲೀಗ್‌ನ ನಿಯಮವೇ ಮುಖ್ಯ: ಒಪ್ಪಂದದ ಅವಧಿ ಉಳಿದಿರುವಾಗ ನಿವೃತ್ತನಾದ ಆಟಗಾರನ ಮೇಲಿನ ಹಕ್ಕು ತಂಡದ ಬಳಿಯೇ ಇರುತ್ತದೆ. ಮರಳಬೇಕೆಂದರೆ ಹಳೆಯ ತಂಡಕ್ಕೇ ಮರಳಬೇಕು. ತಂಡ ಅವನನ್ನು ಇಟ್ಟುಕೊಳ್ಳಬಹುದು, ಬಿಡಬಹುದು, ಇಲ್ಲವೇ ಬೇರೆ ತಂಡಕ್ಕೆ ವಿನಿಮಯ ಮಾಡಿಕೊಳ್ಳಬಹುದು. ಬಿಟ್ಟರೆ ಫಾರ್ವ್ ನೇರವಾಗಿ ಮಿನ್ನೆಸೋಟ ವೈಕಿಂಗ್ಸ್ ಸೇರುವರೆಂಬ ಆತಂಕ ಪ್ಯಾಕರ್ಸ್‌ಗಿತ್ತು. ಅದು ಪ್ರತಿ ಋತುವಿನಲ್ಲೂ ಎರಡು ಬಾರಿ ಎದುರಾಗುವ ಬದ್ಧ ಪ್ರತಿಸ್ಪರ್ಧಿ. ವೈಕಿಂಗ್ಸ್ ಅಕ್ರಮವಾಗಿ ಸಂಪರ್ಕಿಸಿದೆಯೆಂದು ಪ್ಯಾಕರ್ಸ್ ದೂರನ್ನೂ ಕೊಟ್ಟಿತು. ಲೀಗ್ ಅದರಲ್ಲಿ ಹುರುಳು ಕಾಣಲಿಲ್ಲ.

ಆಗಸ್ಟ್ ಆರಂಭದಲ್ಲಿ ಫಾರ್ವ್ ಗ್ರೀನ್ ಬೇಗೆ ಬಂದಿಳಿದು, ತರಬೇತುದಾರ ಮೈಕ್ ಮೆಕಾರ್ಥಿ ಅವರೊಂದಿಗೆ ಗಂಟೆಗಟ್ಟಲೆ ಮಾತಾಡಿದರೂ ಮನಸ್ಸು ಕೂಡಲಿಲ್ಲ. ಕೆಲವೇ ದಿನಗಳಲ್ಲಿ ಜೆಟ್ಸ್ ಜತೆಗಿನ ವಿನಿಮಯ ಪ್ರಕಟವಾಯಿತು. ಪ್ರತಿಯಾಗಿ ಸಿಕ್ಕಿದ್ದು ಮುಂದಿನ ವರ್ಷದ ಒಂದು ಆಯ್ಕೆಯ ಹಕ್ಕು. ಕೊನೆಗೆ ಅದು ಮೂರನೇ ಸುತ್ತಿನದಾಯಿತು. ಒಪ್ಪಂದದಲ್ಲೊಂದು ಮುಳ್ಳಿತ್ತು: ಜೆಟ್ಸ್ ಅವರನ್ನು ವೈಕಿಂಗ್ಸ್‌ಗೆ ದಾಟಿಸಿದರೆ ಮೂರು ಮೊದಲ ಸುತ್ತಿನ ಹಕ್ಕುಗಳನ್ನು ಪ್ಯಾಕರ್ಸ್‌ಗೆ ತೆರಬೇಕು. ಮಾರುವವನು ಮಾಲಿಗಿಂತ ಮಾಲು ಸೇರುವ ಜಾಗಕ್ಕೇ ಹೆಚ್ಚು ಹೆದರಿದ ವ್ಯಾಪಾರವಿದು.

ನ್ಯೂಯಾರ್ಕ್‌ನಲ್ಲಿ ಆರಂಭ ಚೆನ್ನಾಗಿತ್ತು. ಎಂಟು ಗೆಲುವು, ಮೂರು ಸೋಲಿನ ನಂತರ ತೋಳಿನ ಗಾಯ ಕಾಡಿತು. ತಂಡ 9-7ಕ್ಕೆ ನಿಂತಿತು. 2009ರ ಫೆಬ್ರುವರಿಯಲ್ಲಿ ಮತ್ತೆ ನಿವೃತ್ತಿ. ಏಪ್ರಿಲ್‌ನಲ್ಲಿ ಜೆಟ್ಸ್ ಬಿಡುಗಡೆ ಮಾಡಿದ ಮೇಲೆ ಮುಳ್ಳಿಗೆ ಮೊನೆಯಿರಲಿಲ್ಲ. ಆಗಸ್ಟ್‌ನಲ್ಲಿ ಫಾರ್ವ್ ವೈಕಿಂಗ್ಸ್ ಸೇರಿಯೇಬಿಟ್ಟರು. ನವೆಂಬರ್ 1ರಂದು ವೈಕಿಂಗ್ಸ್ ಅಂಗಿ ತೊಟ್ಟು ಗ್ರೀನ್ ಬೇಯ ಲ್ಯಾಂಬೋ ಮೈದಾನಕ್ಕೆ ಬಂದಾಗ ಮನೆಮಗನಿಗೆ ಧಿಕ್ಕಾರದ ಕೂಗು ಎದುರಾಯಿತು. ವೈಕಿಂಗ್ಸ್ 38-26ರಿಂದ ಗೆದ್ದಿತು. ನಲವತ್ತರ ಹೊಸ್ತಿಲು ದಾಟಿದ ಆ ಋತುವಿನಲ್ಲಿ ಫಾರ್ವ್ 33 ಟಚ್‌ಡೌನ್ ಎಸೆದರು. ಎದುರಾಳಿಗಳ ಪಾಲಾದದ್ದು ಏಳೇ ಎಸೆತ. ಆದರೆ 2010ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧ, ಸೂಪರ್ ಬೌಲ್‌ಗೆ ಒಂದೇ ಹೆಜ್ಜೆಯಿರುವಾಗ, ಅದೇ ಹಳೆಯ ಚಾಳಿ: ಅಡ್ಡಕ್ಕೆ ಎಸೆದ ಚೆಂಡು ಎದುರಾಳಿಗೆ ದಕ್ಕಿ, ಹೆಚ್ಚುವರಿ ಅವಧಿಯಲ್ಲಿ ಸೋಲು. ಮರು ಋತುವಿನಲ್ಲಿ ದೇಹ ಕೈಕೊಟ್ಟಿತು. 2010ರ ಡಿಸೆಂಬರ್ 13ರಂದು, ಸತತ 297 ಪಂದ್ಯಗಳ ಬಳಿಕ, ಮೊದಲ ಬಾರಿಗೆ ಹೊರಗುಳಿದರು.

ಹಾಗಾದರೆ ಪ್ಯಾಕರ್ಸ್ ಎಡವಿತೇ? 2008ರಲ್ಲಿ ಆರೇ ಪಂದ್ಯ ಗೆದ್ದಾಗ ಹಾಗೆಂದವರು ಬಹಳ. 2011ರ ಫೆಬ್ರುವರಿಯಲ್ಲಿ ರಾಡ್ಜರ್ಸ್ ಸೂಪರ್ ಬೌಲ್ ಗೆದ್ದುಕೊಟ್ಟ ಮೇಲೆ ಆ ಮಾತು ನಿಂತಿತು. ಇಷ್ಟಾದರೂ 2009ರ ಆಟವನ್ನು ಕಂಡವರು ಫಾರ್ವ್ ಮುಗಿದುಹೋಗಿದ್ದರೆಂದು ಹೇಳಲಾರರು. ತಂಡದ ಲೆಕ್ಕ ಹತ್ತು ವರ್ಷದ್ದು, ಆಟಗಾರನದು ಒಂದು ಋತುವಿನದು. ಎರಡೂ ಲೆಕ್ಕ ಸರಿಯಾಗಿಯೇ ಇದ್ದವು.

ರಾಜಿಗೆ ಏಳು ವರ್ಷ ಹಿಡಿಯಿತು. 2015ರ ಜುಲೈನಲ್ಲಿ ಪ್ಯಾಕರ್ಸ್ ಅವರ 4ನೇ ಸಂಖ್ಯೆಯ ಅಂಗಿಗೆ ವಿದಾಯ ಗೌರವ ನೀಡಿದಾಗ ಲ್ಯಾಂಬೋ ತುಂಬಿ ತುಳುಕಿತು. ಮರುವರ್ಷ ಅವರು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು.

ಪ್ಯಾಕರ್ಸ್ 2020ರಲ್ಲಿ ಜೋರ್ಡನ್ ಲವ್ ಎಂಬ ಯುವಕನನ್ನು ಮೊದಲ ಸುತ್ತಿನಲ್ಲೇ ಆರಿಸಿತು. ಅವನೂ ಮೂರು ವರ್ಷ ಕಾದ. 2023ರ ಏಪ್ರಿಲ್‌ನಲ್ಲಿ 39ರ ರಾಡ್ಜರ್ಸ್ ವಿನಿಮಯವಾದದ್ದು ಅದೇ ಜೆಟ್ಸ್‌ಗೆ. ಸೆಪ್ಟೆಂಬರ್ 11ರ ಮೊದಲ ಪಂದ್ಯದ ಮೊದಲ ಕೆಲವೇ ನಿಮಿಷಗಳಲ್ಲಿ, ನಾಲ್ಕನೆಯ ಆಟಕ್ಕೆ, ಹಿಮ್ಮಡಿಯ ಸ್ನಾಯುರಜ್ಜು ಹರಿದು ಅವರ ಆ ಋತು ಮುಗಿಯಿತು.