ಕ್ಯಾಸಲ್‌ವೇನಿಯ ಮಾಲೆಯ ಕೈಯಂತ್ರದ ಆಟಗಳು: ಒಂದು ತೌಲನಿಕ ವಿವೇಚನೆ

ಜಪಾನಿನ ಕೊನಾಮಿ ಸಂಸ್ಥೆಯು 1986ರಲ್ಲಿ ಆರಂಭಿಸಿದ ‘ಕ್ಯಾಸಲ್‌ವೇನಿಯ’ ಎಂಬ ವಿಡಿಯೋ ಆಟಗಳ ಮಾಲೆಯಲ್ಲಿ, ಕೈಯಲ್ಲಿ ಹಿಡಿದಾಡುವ ಯಂತ್ರಗಳಿಗಾಗಿ ರಚಿತವಾದುವನ್ನು ಕಿರಿಯ ಕೃತಿಗಳೆಂದೆಣಿಸುವವರುಂಟು. ಈ ಎಣಿಕೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನಾವಿಲ್ಲಿ ವಿಚಾರಿಸುತ್ತೇವೆ. ಡ್ರ್ಯಾಕುಲನ ಕೋಟೆಯನ್ನು ಹೊಕ್ಕು ಅವನನ್ನು ಸಂಹರಿಸುವುದೇ ಈ ಆಟಗಳ ಮುಖ್ಯ ವಸ್ತು. ಕಥಾನಾಯಕರು ಬಹುಮಟ್ಟಿಗೆ ಬೆಲ್‌ಮಾಂಟ್ ಮನೆತನದವರು.

1989ರ ‘ದಿ ಅಡ್ವೆಂಚರ್’ ಗೇಮ್ ಬಾಯ್ ಯಂತ್ರದ ನಾಲ್ಕೇ ಛಾಯೆಗಳಲ್ಲಿ ರಚಿತವಾದುದು. ನಾಯಕನ ನಡೆ ತೀರ ನಿಧಾನ. ಚಾವಟಿಯ ಹೊರತು ಉಪಾಯುಧಗಳಿಲ್ಲ. ಅದೇ ಯಂತ್ರಕ್ಕೆ 1991ರಲ್ಲಿ ಬಂದ ‘ಬೆಲ್‌ಮಾಂಟ್ಸ್ ರಿವೆಂಜ್’ನಲ್ಲಾದರೋ ಉಪಾಯುಧಗಳಿವೆ, ಮೊದಲ ನಾಲ್ಕು ಕೋಟೆಗಳನ್ನು ಇಚ್ಛೆ ಬಂದ ಕ್ರಮದಲ್ಲಿ ಹೊಗುವ ಸ್ವಾತಂತ್ರ್ಯವಿದೆ. ಆದುದರಿಂದ ದೋಷವನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ.

ಆದರೆ ಯಂತ್ರವನ್ನು ಮರೆತು ತೀರ್ಪು ಕೊಡುವುದೂ ಸಲ್ಲದು. 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ತೆರೆಗೆ ಸ್ವಂತ ಬೆಳಕಿರಲಿಲ್ಲ. ಮುದನಾಳದ ಬಯಲಿನ ಬಿಸಿಲಿನಲ್ಲಿ ಅಂತಹ ತೆರೆ ಚೆನ್ನಾಗಿಯೇ ಕಂಡೀತು. ಸಂಜೆಯ ದೀಪದಡಿ ಕಾಣುವುದು ಕಷ್ಟ. ಆ ವರ್ಷದ ‘ಸರ್ಕಲ್ ಆಫ್ ದಿ ಮೂನ್’ ಗಾಢವರ್ಣಗಳಿಂದ ಕೂಡಿದ್ದು, ಕತ್ತಲೆಯ ಆಟವೆಂದು ನಿಂದೆಗೊಳಗಾಯಿತು. ಅದಕ್ಕೆ ಉತ್ತರವೆಂಬಂತೆ 2002ರ ‘ಹಾರ್ಮನಿ ಆಫ್ ಡಿಸೊನೆನ್ಸ್’ನಲ್ಲಿ ಬಣ್ಣಗಳು ಉಜ್ವಲವಾದುವು, ನಾಯಕನ ಸುತ್ತ ನೀಲಿಯ ಅಂಚು ಮೂಡಿತು, ಸಂಗೀತ ಮಾತ್ರ ಸೊರಗಿತು. 2003ರ ‘ಏರಿಯ ಆಫ್ ಸಾರೊ’ ಇವೆರಡರ ನಡುವೆ ಸಮತೋಲವನ್ನು ಸಾಧಿಸಿತು. ಈ ಮೂರರಲ್ಲಿ ಇದೇ ಶ್ರೇಷ್ಠವೆಂದು ನಮ್ಮ ಅಭಿಪ್ರಾಯ. 2021ರಲ್ಲಿ ಮೂರೂ ಒಂದೇ ಸಂಪುಟವಾಗಿ ಮರಳಿ ಪ್ರಕಟವಾದುವು. ಬೆಳಗುವ ತೆರೆಯ ಮೇಲೆ ಇವನ್ನು ಮೊದಲ ಸಲ ಕಾಣುವ ವಿದ್ಯಾರ್ಥಿಗೆ ‘ಸರ್ಕಲ್’ನ ಕತ್ತಲೆ ಕಾಣದು, ‘ಹಾರ್ಮನಿ’ಯ ಬಣ್ಣ ಅತಿಯೆನಿಸುವುದು. ಮೂಲದ ತೆರೆಯನ್ನರಿಯದೆ ಹೋದರೆ ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಉತ್ತರವೆಂಬುದೇ ತಿಳಿಯುವುದಿಲ್ಲ.

ಇನ್ನು ವಂಶಾವಳಿಯ ವಿಷಯ. 1997ರ ‘ಲೆಜೆಂಡ್ಸ್’ ಸೋನಿಯ ಬೆಲ್‌ಮಾಂಟಳನ್ನು ಡ್ರ್ಯಾಕುಲನನ್ನೆದುರಿಸಿದ ಮೊದಲಿಗಳೆಂದು ನಿರೂಪಿಸಿತು. ಮುಂದೆ ಮಾಲೆಯ ಹೊಣೆ ಹೊತ್ತ ಕೋಜಿ ಇಗರಾಶಿಯವರು ಈ ಆಟವನ್ನು ಅಂಗೀಕೃತ ಕಾಲಾನುಕ್ರಮದಿಂದ ತೆಗೆದುಹಾಕಿದರು. 2003ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕೆ ಬಂದ ‘ಲಮೆಂಟ್ ಆಫ್ ಇನೊಸೆನ್ಸ್’ ಹನ್ನೊಂದನೆಯ ಶತಮಾನದ ಲಿಯಾನ್ ಎಂಬವನನ್ನು ಮೂಲಪುರುಷನನ್ನಾಗಿ ಮಾಡಿತು. ಕಲ್ಯಾಣದ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಬಾದಾಮಿಯ ಅರಸರೊಡನೆ ಸಂಬಂಧ ಹೇಳಿಕೊಂಡುದನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ: ವಂಶಾವಳಿಯನ್ನು ಬರೆಸುವವರು ಹಿಂದಿನವರಲ್ಲ, ಅಧಿಕಾರದಲ್ಲಿರುವವರು.

‘ಸರ್ಕಲ್’ ಕೂಡ ಅದೇ ರೀತಿ ಹೊರಗುಳಿಯಿತು. ಆದರೆ 1997ರ ‘ಸಿಂಫನಿ ಆಫ್ ದಿ ನೈಟ್’ನ ಕೋಟೆಯನ್ನು ಅಲೆದು ಶೋಧಿಸುವ ಕ್ರಮವನ್ನು ಕೈಯಂತ್ರಕ್ಕೆ ಮೊದಲು ತಂದುದು ಇದೇ. 2005, 2006 ಮತ್ತು 2008ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕೆ ಬಂದ ಮೂರು ಆಟಗಳೂ ಆ ಕ್ರಮವನ್ನೇ ಅನುಸರಿಸಿದುವು. ಅವುಗಳಲ್ಲಿ ಕೊನೆಯದಾದ ‘ಆರ್ಡರ್ ಆಫ್ ಎಕ್ಲೇಸಿಯ’ದ ನಾಯಿಕೆ ಶನೋವ ಬೆಲ್‌ಮಾಂಟ್ ಮನೆತನದವಳೆಂದು ಹೆಸರಿಸಲ್ಪಟ್ಟವಳಲ್ಲ, ‘ಸರ್ಕಲ್’ನ ನೇಥನ್ ಗ್ರೇವ್ಸ್‌ನೂ ಆ ಹೆಸರನ್ನು ಹೊತ್ತವನಲ್ಲ.