ಎಣ್ಣೆಯ ಬಟ್ಟಲು

ಮುಖದ ಜಿಡ್ಡನ್ನು ಕಳೆಯಲು ಎಣ್ಣೆಯನ್ನೇ ಹಚ್ಚುವುದು ಮೌಢ್ಯವೆಂದು ಆಂಗ್ಲ ವಿದ್ಯೆ ಕಲಿತ ನಾವು ನಕ್ಕುದುಂಟು. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಸ್ನಾನವನ್ನು ರಾಜಭೋಗಗಳಲ್ಲಿ ಎಣಿಸಿ, ಹೂಗಳಿಂದ ಸುಗಂಧಗೊಳಿಸಿದ ಎಳ್ಳೆಣ್ಣೆಯ ಅಭ್ಯಂಜನವನ್ನು ವಿವರಿಸುತ್ತದೆ. ಗ್ರೀಕರೂ ರೋಮನರೂ ಮೈಗೆ ಆಲಿವ್ ಎಣ್ಣೆ ಬಳಿದು, ಬಾಗಿದ ಲೋಹದ ಪಟ್ಟಿಯಿಂದ ಕೊಳೆಯೊಡನೆ ಅದನ್ನು ಹೆರೆದು ತೆಗೆಯುತ್ತಿದ್ದರು. ಇದಕ್ಕೆ ಕಾರಣ ಸರಳವಾದುದು. ಚರ್ಮದ ಜಿಡ್ಡು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುವುದು. ಕಡಲೆಹಿಟ್ಟಿನಿಂದ ಉಜ್ಜಿ ತೊಳೆದ ಮೇಲೂ ಉಳಿಯುವ ತೆಳುಪೊರೆಯು ಚರ್ಮದ ತೇವವನ್ನು ಕಾಯುವುದು. ಸಾಬೂನಾದರೂ ಎಣ್ಣೆಗೆ ಕ್ಷಾರ ಕೂಡಿ ಹುಟ್ಟಿದುದೇ. ಎಲ್ಲ ಮುಖಕ್ಕೂ ಎಲ್ಲ ಎಣ್ಣೆಯೂ ಒಗ್ಗದೆಂಬುದು ನಿಜ. ಆದರೂ ಅಜ್ಜಿಯ ಎಣ್ಣೆಬಟ್ಟಲನ್ನು ಕಂಡು ನಗುವ ಹಕ್ಕು ನಮಗಿಲ್ಲ.